ದ್ವಂದ್ವಯುದ್ಧ ಮತ್ತು ನ್ಯಾಯನಿರ್ಣಯ

ಮಾನವನ ಇತಿಹಾಸದಲ್ಲಿ ಯುದ್ಧದಷ್ಟೇ ಪ್ರಾಚೀನವಾದುದು ದ್ವಂದ್ವಯುದ್ಧ. ಸಂಸ್ಕೃತದಲ್ಲಿ 'ದ್ವಂದ್ವ' ಎಂದರೆ ಜೋಡಿ. ಇಬ್ಬರೇ ಎದುರುಬದುರಾಗಿ ನಿಂತು, ಮೊದಲೇ ಒಪ್ಪಿಕೊಂಡ ಕಟ್ಟಳೆಗಳಿಗೆ ಒಳಪಟ್ಟು, ಸಾಕ್ಷಿಗಳ ಸಮಕ್ಷಮದಲ್ಲಿ ಕಾದುವುದು ಇದರ ಲಕ್ಷಣ. ಕೋಪದ ಭರದಲ್ಲಿ ನಡೆಯುವ ಬೀದಿಜಗಳಕ್ಕೆ ಕಟ್ಟಳೆಯಿಲ್ಲ; ರಣರಂಗದ ಸಂಕುಲಯುದ್ಧದಲ್ಲಿ ಯಾರು ಯಾರನ್ನು ಕೊಂದರೆಂಬುದಕ್ಕೆ ಲೆಕ್ಕವಿಲ್ಲ. ಇವೆರಡರಿಂದಲೂ ಭಿನ್ನವಾದ ದ್ವಂದ್ವಯುದ್ಧವು ತನ್ನನ್ನು ತಾನು ಒಂದು ಧರ್ಮವೆಂದೂ ಒಂದು ನ್ಯಾಯವಿಧಾನವೆಂದೂ ಭಾವಿಸಿಕೊಂಡಿತು.

ಬಲಶಾಲಿಯು ಗೆದ್ದನೆಂದ ಮಾತ್ರಕ್ಕೆ ಅವನ ಪಕ್ಷವು ಸತ್ಯವಾಗುವುದೆ? ಈ ಪ್ರಶ್ನೆಗೆ ನಾನಾ ಜನಾಂಗಗಳು ನಾನಾ ಕಾಲಗಳಲ್ಲಿ ಕೊಟ್ಟ ಉತ್ತರಗಳಲ್ಲಿಯೇ ದ್ವಂದ್ವಯುದ್ಧದ ಇತಿಹಾಸವು ಅಡಕವಾಗಿದೆ. ಸ್ಥೂಲವಾಗಿ ನೋಡಿದರೆ ಮೂರು ಉದ್ದೇಶಗಳಿಗಾಗಿ ಇದು ಆಚರಣೆಯಲ್ಲಿದ್ದುದು ಕಂಡುಬರುತ್ತದೆ: ಎರಡು ಸೈನ್ಯಗಳ ಹೋರಾಟಕ್ಕೆ ಬದಲಾಗಿ, ನ್ಯಾಯಾಲಯದ ವಿಚಾರಣೆಗೆ ಬದಲಾಗಿ, ಮತ್ತು ವ್ಯಕ್ತಿಯ ಮಾನರಕ್ಷಣೆಗಾಗಿ. ಈ ಮೂರನ್ನೂ ಕ್ರಮವಾಗಿ ಪರಿಶೀಲಿಸುವುದು ಉಚಿತ.

ಸೈನ್ಯಗಳಿಗೆ ಬದಲಾಗಿ ಇಬ್ಬರು

ಸಹಸ್ರಾರು ಸೈನಿಕರು ಸಾಯುವುದಕ್ಕಿಂತ ಕಲಹಕ್ಕೆ ಕಾರಣರಾದ ಇಬ್ಬರೇ ಕಾದಿ ತೀರ್ಮಾನಿಸಿಕೊಳ್ಳಲಿ ಎಂಬ ವಿಚಾರವು ಉದಾತ್ತವಾದುದು. ಗ್ರೀಕರ ಇಲಿಯಡ್ ಮಹಾಕಾವ್ಯದ ಮೂರನೆಯ ಭಾಗದಲ್ಲಿ ಇಂಥದೊಂದು ಪ್ರಯತ್ನವಿದೆ. ಹೆಲೆನಳನ್ನು ಕರೆದೊಯ್ದ ಪ್ಯಾರಿಸನೂ ಅವಳ ಪತಿಯಾದ ಮೆನೆಲಾಸನೂ ತಾವಿಬ್ಬರೇ ಹೋರಾಡುವುದೆಂದು, ಗೆದ್ದವನಿಗೆ ಹೆಲೆನಳು ಸೇರತಕ್ಕದ್ದೆಂದು, ಉಭಯ ಸೈನ್ಯಗಳೂ ಅನಂತರ ಸ್ನೇಹದಿಂದ ಬೇರೆಯಾಗತಕ್ಕದ್ದೆಂದು ಪ್ರಮಾಣವಾಗುತ್ತದೆ. ಆದರೆ ಪ್ಯಾರಿಸನು ಸೋಲುವ ಹೊತ್ತಿಗೆ ದೇವತೆಯಾದ ಅಫ್ರೊಡೈಟಿಯು ಅವನನ್ನು ಮಂಜಿನಲ್ಲಿ ಮರೆಮಾಡಿ ಅರಮನೆಗೆ ಒಯ್ದುಬಿಡುತ್ತಾಳೆ. ಪ್ರಮಾಣವು ಭಂಗವಾಗಿ ಯುದ್ಧವು ಮುಂದುವರಿಯುತ್ತದೆ. ಹಳೆಯ ಒಡಂಬಡಿಕೆಯ ದಾವೀದ ಮತ್ತು ಗೊಲ್ಯಾತರ ಕಥೆಯಲ್ಲಿಯೂ ಸೋತ ಪಕ್ಷವು ಗೆದ್ದ ಪಕ್ಷಕ್ಕೆ ದಾಸನಾಗಬೇಕೆಂಬ ಪಣವಿತ್ತು. ಗೊಲ್ಯಾತನು ಬಿದ್ದೊಡನೆ ಅವನ ಕಡೆಯವರು ಪಣವನ್ನು ಮರೆತು ಓಡಿದರು. ಬೆನ್ನಟ್ಟಿದವರಿಂದ ಅನೇಕರು ಹತರಾದರು. ಇಬ್ಬರ ಕಾಳಗದಿಂದ ಬಹುಜನರ ಪ್ರಾಣವನ್ನುಳಿಸುವ ಆಶಯವು ಬಹುಜನರ ಸತ್ಯನಿಷ್ಠೆಯನ್ನು ಅವಲಂಬಿಸಿದೆಯೆಂಬುದನ್ನು ಈ ಎರಡು ಕಥೆಗಳೂ ತೋರಿಸುತ್ತವೆ.

ಮಹಾಭಾರತದಲ್ಲಿ ಜರಾಸಂಧನ ವಧೆಯು ಇದಕ್ಕೆ ವ್ಯತಿರಿಕ್ತವಾದ ನಿದರ್ಶನ. ಮಗಧದ ಮಹಾಸೈನ್ಯವನ್ನು ಎದುರಿಸದೆ ಭೀಮನು ಮಲ್ಲಯುದ್ಧದಲ್ಲಿ ಜರಾಸಂಧನನ್ನು ಕೊಂದುದರಿಂದ ಸೆರೆಯಲ್ಲಿದ್ದ ಅರಸರೆಲ್ಲರೂ ಬಿಡುಗಡೆ ಹೊಂದಿದರು. ಆದರೆ ಅದೇ ಗ್ರಂಥದ ಶಲ್ಯಪರ್ವದಲ್ಲಿ ಈ ಪದ್ಧತಿಯ ಅಪಾಯವೂ ಚಿತ್ರಿತವಾಗಿದೆ. ಕೊಳದಿಂದ ಹೊರಬಂದ ದುರ್ಯೋಧನನಿಗೆ ಧರ್ಮರಾಜನು, ಪಾಂಡವರಲ್ಲಿ ಒಬ್ಬನನ್ನು ಆರಿಸಿಕೊಂಡು ಗೆದ್ದರೂ ರಾಜ್ಯವು ನಿನ್ನದೇ ಎಂದು ಮಾತು ಕೊಡುತ್ತಾನೆ. ಹದಿನೆಂಟು ದಿನಗಳ ಯುದ್ಧದ ಫಲವನ್ನು ಒಂದು ಗದೆಯ ಪೆಟ್ಟಿಗೆ ಒಡ್ಡಿದ ಈ ಔದಾರ್ಯಕ್ಕೆ ಕೃಷ್ಣನು ಧರ್ಮರಾಜನನ್ನು ಆಕ್ಷೇಪಿಸುತ್ತಾನೆ. ಕೊನೆಗೆ ಭೀಮನು ಗದಾಯುದ್ಧದ ಕಟ್ಟಳೆಯನ್ನು ಮೀರಿ ತೊಡೆಗೆ ಹೊಡೆದಾಗ ಬಲರಾಮನು ಕೆರಳುತ್ತಾನೆ. ನ್ಯಾಯಪಕ್ಷದವನು ಕಟ್ಟಳೆ ಮುರಿದು ಗೆದ್ದ ಈ ಪ್ರಸಂಗವು ಕವಿಗಳನ್ನು ಬಹುವಾಗಿ ಆಕರ್ಷಿಸಿತು. ಮುದುವೊಳಲಿನ ಬಳೆಗಾರ ಮನೆತನದಲ್ಲಿ ಹುಟ್ಟಿದ ರನ್ನನು ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ, ಈ ಒಂದೇ ಕಾಳಗವನ್ನು ಕೇಂದ್ರವಾಗಿಟ್ಟುಕೊಂಡು 'ಗದಾಯುದ್ಧ'ವನ್ನು ರಚಿಸಿದನು. ಹೀಗಿದ್ದರೂ ಓದುಗರ ಅಂತಃಕರಣವು ಗೆದ್ದ ಭೀಮನಷ್ಟೇ ಬಿದ್ದ ದುರ್ಯೋಧನನ ಕಡೆಗೂ ಹರಿಯುವಂತೆ ಮಾಡಿದುದು ಆ ಕವಿಯ ಹಿರಿಮೆ.

ಸೈನ್ಯಗಳ ನಾಶವನ್ನು ತಪ್ಪಿಸುವ ಉದ್ದೇಶವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಭರತ-ಬಾಹುಬಲಿಗಳ ಕಥೆಯಲ್ಲಿ. ಪಂಪನು 941ರಲ್ಲಿ ರಚಿಸಿದ 'ಆದಿಪುರಾಣ'ದ ಮೂಲಕ ಕನ್ನಡಿಗರಿಗೆ ಚಿರಪರಿಚಿತವಾದ ಈ ಕಥೆಯಲ್ಲಿ, ಸೋದರರಿಬ್ಬರ ಜಗಳಕ್ಕಾಗಿ ಪ್ರಜೆಗಳು ಸಾಯಬಾರದೆಂದು ಮಂತ್ರಿಗಳು ಮುಂದಾಗಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಸ್ಪರ್ಧೆಗಳನ್ನು ಏರ್ಪಡಿಸುತ್ತಾರೆ. ಮೂರರಲ್ಲಿಯೂ ಬಾಹುಬಲಿಗೆ ಜಯ. ಅಣ್ಣನನ್ನು ಮೇಲಕ್ಕೆತ್ತಿದ ಬಾಹುಬಲಿಯು ಅವನನ್ನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸುತ್ತಾನೆ. ಸೋಲನ್ನು ಸಹಿಸದ ಭರತನು ಚಕ್ರವನ್ನು ಪ್ರಯೋಗಿಸಿ ಕಟ್ಟಳೆಯನ್ನು ಮೀರುತ್ತಾನೆ. ಆಗ ಗೆದ್ದವನಿಗೆ ರಾಜ್ಯದಲ್ಲಿಯೇ ಹೇಸಿಕೆಯುಂಟಾಗಿ ಅವನು ತಪಸ್ಸಿಗೆ ತೆರಳುತ್ತಾನೆ. ಚಾವುಂಡರಾಯನು 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಸುಮಾರು 58 ಅಡಿ ಎತ್ತರದ ಏಕಶಿಲಾಮೂರ್ತಿಯು ಕಾದುತ್ತಿರುವ ಬಾಹುಬಲಿಯದಲ್ಲ, ಗೆದ್ದುದನ್ನು ಬಿಟ್ಟು ನಿಂತ ಬಾಹುಬಲಿಯದು ಎಂಬುದು ಗಮನಾರ್ಹ.

ಕಣದಲ್ಲಿ ನ್ಯಾಯವಿಚಾರಣೆ

ದ್ವಂದ್ವಯುದ್ಧವು ನ್ಯಾಯಾಲಯದ ಒಂದು ಅಂಗವಾಗಿ ಬೆಳೆದುದು ಮಧ್ಯಯುಗದ ಯೂರೋಪಿನಲ್ಲಿ. ಆರನೆಯ ಶತಮಾನದ ಆರಂಭದಲ್ಲಿ ಬರ್ಗಂಡಿಯನ್ನರ ದೊರೆಯಾದ ಗುಂಡೋಬಾದನ ಶಾಸನಸಂಹಿತೆಯಲ್ಲಿ ಇದಕ್ಕೆ ಅವಕಾಶ ಕಲ್ಪಿಸಲಾಯಿತು. ಜನರು ನ್ಯಾಯಸಭೆಯಲ್ಲಿ ಹಿಂದುಮುಂದು ನೋಡದೆ ಸುಳ್ಳು ಪ್ರಮಾಣ ಮಾಡುತ್ತಿದ್ದುದೇ ಅಲ್ಲಿ ಕೊಟ್ಟಿರುವ ಕಾರಣ. ಸುಳ್ಳು ಹೇಳುವ ನಾಲಗೆಯುಳ್ಳವನು ಅದನ್ನು ಕತ್ತಿಯಿಂದ ಸಮರ್ಥಿಸಲಿ, ದೇವರು ಸತ್ಯವಂತನಿಗೇ ಜಯ ಕೊಡುತ್ತಾನೆ ಎಂಬ ನಂಬಿಕೆ ಇದರ ಆಧಾರ. ಇಂಗ್ಲೆಂಡಿಗೆ ಈ ಪದ್ಧತಿಯನ್ನು ತಂದವರು 1066ರಲ್ಲಿ ಆ ದೇಶವನ್ನು ಗೆದ್ದ ನಾರ್ಮನ್ನರು.

ಕಾಲಕ್ರಮದಲ್ಲಿ ಈ ನಂಬಿಕೆಯ ಒಳಗಿನ ಬಿರುಕು ಕಾಣಿಸತೊಡಗಿತು. ಸ್ತ್ರೀಯರು, ವೃದ್ಧರು, ಪಾದ್ರಿಗಳು ತಮ್ಮ ಪರವಾಗಿ ಹೋರಾಡಲು ಬೇರೊಬ್ಬ ಭಟನನ್ನು ನೇಮಿಸಬಹುದಾಗಿತ್ತು. ಭೂಮಿಯ ವ್ಯಾಜ್ಯಗಳಲ್ಲಂತೂ ಹಣ ಪಡೆದು ಕಾದುವ ಭಟರು ಮುಂದೆ ಬಂದರು. ಹೆಚ್ಚು ಹಣವುಳ್ಳವನಿಗೆ ಬಲಿಷ್ಠನಾದ ಭಟನು ದೊರೆಯುವಾಗ ದೈವನಿರ್ಣಯವೆಂಬ ಮಾತಿಗೆ ಅರ್ಥವೇನು? 1215ರಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಧರ್ಮಸಭೆಯು ಕಾದ ಕಬ್ಬಿಣ, ನೀರು ಮೊದಲಾದ ದಿವ್ಯಪರೀಕ್ಷೆಗಳಲ್ಲಿ ಪಾದ್ರಿಗಳು ಪೌರೋಹಿತ್ಯ ವಹಿಸಬಾರದೆಂದು ವಿಧಿಸಿತು. ಆದರೂ ಸರದಾರರ ವರ್ಗದಲ್ಲಿ ಕಣದ ನ್ಯಾಯವು ಮುಂದುವರಿಯಿತು.

ಇದರ ಭೀಕರತೆಯನ್ನು ತಿಳಿಯಲು 1386ರ ಒಂದು ಪ್ರಸಂಗ ಸಾಕು. ಫ್ರಾನ್ಸಿನ ಸರದಾರನಾದ ಜಾನ್ ದ ಕಾರೂಜನು, ತನ್ನ ಪತ್ನಿ ಮಾರ್ಗರೀತಳ ಮೇಲೆ ಜಾಕ್ ಲ ಗ್ರಿ ಎಂಬವನು ಅತ್ಯಾಚಾರವೆಸಗಿದನೆಂದು ದೂರಿತ್ತನು. ಆರೋಪಿತನು ಅದನ್ನು ನಿರಾಕರಿಸಿದನು. ಪ್ಯಾರಿಸಿನ ಪಾರ್ಲಮೆಂಟ್ ಎಂಬ ಉಚ್ಚ ನ್ಯಾಯಸಭೆಯು ದೀರ್ಘಕಾಲ ವಿಚಾರಣೆ ನಡೆಸಿಯೂ ಸತ್ಯವನ್ನು ನಿರ್ಣಯಿಸಲಾರದೆ ದ್ವಂದ್ವಯುದ್ಧಕ್ಕೆ ಅನುಮತಿಯಿತ್ತಿತು. 1386ರ ಡಿಸೆಂಬರ್ 29ರಂದು ದೊರೆ ಆರನೆಯ ಚಾರ್ಲ್ಸನ ಸಮ್ಮುಖದಲ್ಲಿ, ಸಹಸ್ರಾರು ಜನರ ನಡುವೆ ಕಾಳಗ ನಡೆಯಿತು. ಕಪ್ಪು ವಸ್ತ್ರವನ್ನುಟ್ಟ ಮಾರ್ಗರೀತಳು ಅದನ್ನು ನೋಡುತ್ತ ಕುಳಿತಿರಬೇಕಾಯಿತು. ಪತಿಯು ಸೋತರೆ ಅವಳು ಸುಳ್ಳು ಪ್ರಮಾಣ ಮಾಡಿದಳೆಂದು ಸಿದ್ಧವಾಗಿ, ಅವಳನ್ನು ಜೀವಂತ ಸುಡಬೇಕೆಂಬುದು ಅಂದಿನ ವಿಧಿ. ಕಾರೂಜನು ತೊಡೆಗೆ ಗಾಯವಾದರೂ ಎದುರಾಳಿಯನ್ನು ಕೆಡವಿ ಕೊಂದನು, ಮಾರ್ಗರೀತಳು ಬದುಕಿದಳು. ಆ ದಿನ ಪತಿಯ ಕಾಲು ಜಾರಿದ್ದರೆ ಅದೇ ಮಾತು ಸುಳ್ಳೆನಿಸಿ ಅವಳು ಬೂದಿಯಾಗುತ್ತಿದ್ದಳು. ಅವಳು ನುಡಿದ ಮಾತಿನಲ್ಲಿ ಒಂದಕ್ಷರವೂ ಬದಲಾಗದಿದ್ದರೂ ಅದರ ಸತ್ಯಾಸತ್ಯತೆಯು ಇನ್ನೊಬ್ಬರ ತೋಳಿನ ಶಕ್ತಿಗೆ ಅಧೀನವಾಗಿತ್ತು. ಪ್ಯಾರಿಸಿನ ಆ ನ್ಯಾಯಸಭೆಯು ಅನುಮತಿಯಿತ್ತ ಕೊನೆಯ ದ್ವಂದ್ವಯುದ್ಧ ಅದೇ ಆಯಿತು.

ಇಂಗ್ಲೆಂಡಿನಲ್ಲಿ ಈ ವಿಧಿಯು ಬಳಕೆ ತಪ್ಪಿದರೂ ಶಾಸನಗ್ರಂಥದಲ್ಲಿ ಉಳಿದಿತ್ತು. 1817ರಲ್ಲಿ ಮೇರಿ ಆಶ್‌ಫರ್ಡ್ ಎಂಬ ತರುಣಿಯ ಕೊಲೆಯ ಆಪಾದನೆಯಿಂದ ಬಿಡುಗಡೆ ಹೊಂದಿದ ಅಬ್ರಹಾಂ ಥಾರ್ನ್‌ಟನ್ ಎಂಬವನ ಮೇಲೆ ಅವಳ ಸೋದರನು ಮತ್ತೆ ಮೊಕದ್ದಮೆ ಹೂಡಿದನು. ದೃಢಕಾಯನಾದ ಥಾರ್ನ್‌ಟನ್ ನ್ಯಾಯಾಲಯದಲ್ಲಿ ಕೈಗವಸನ್ನು ನೆಲಕ್ಕೆಸೆದು ದ್ವಂದ್ವಯುದ್ಧದ ಹಕ್ಕನ್ನು ಕೇಳಿದನು. ಆ ಹಕ್ಕು ರದ್ದಾಗಿಲ್ಲವೆಂದು 1818ರಲ್ಲಿ ನ್ಯಾಯಾಧೀಶರು ಒಪ್ಪಬೇಕಾಯಿತು. ಕೃಶದೇಹಿಯಾದ ಸೋದರನು ಹಿಂದೆಗೆದನು, ಆಪಾದಿತನು ಪಾರಾದನು. ಈ ವಿಚಿತ್ರದಿಂದ ಎಚ್ಚೆತ್ತ ಬ್ರಿಟಿಷ್ ಪಾರ್ಲಿಮೆಂಟು 1819ರಲ್ಲಿ ಆ ಹಳೆಯ ವಿಧಿಯನ್ನು ರದ್ದುಪಡಿಸಿತು.

ಕಲ್ಯಾಣದ ಪ್ರಮಾಣವಿಚಾರ

ಇದೇ ಪ್ರಶ್ನೆಯನ್ನು ಭಾರತೀಯ ಧರ್ಮಶಾಸ್ತ್ರಕಾರರು ಹೇಗೆ ಬಿಡಿಸಿದರೆಂಬುದನ್ನು ನೋಡುವುದು ಪ್ರಯೋಜನಕರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯ ಪ್ರಕಾರ ವ್ಯಾಜ್ಯದಲ್ಲಿ ಪ್ರಮಾಣಗಳು ಮೂರು: ಬರೆಹ, ಅನುಭೋಗ, ಸಾಕ್ಷಿ. ಇವು ಯಾವುವೂ ದೊರೆಯದಿದ್ದಾಗ ಮಾತ್ರ ದಿವ್ಯಕ್ಕೆ ಅವಕಾಶ. ತುಲಾ, ಅಗ್ನಿ, ಜಲ, ವಿಷ, ಕೋಶ ಎಂದು ಅಲ್ಲಿ ಹೇಳಿರುವ ದಿವ್ಯಗಳು ಐದು. ಇವೂ ಇಂದಿನ ದೃಷ್ಟಿಗೆ ಕ್ರೂರವೂ ಅವೈಚಾರಿಕವೂ ಆಗಿವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ವಾದಿ ಪ್ರತಿವಾದಿಗಳ ಕಾಳಗವು ಆ ಪಟ್ಟಿಯಲ್ಲಿಲ್ಲ. ಬರೆಹ ಮತ್ತು ಸಾಕ್ಷಿಗಳಿಗೆ ಮೊದಲ ಸ್ಥಾನವನ್ನು ಕೊಟ್ಟುದು ಆ ಶಾಸ್ತ್ರದ ವಿವೇಕ.

ಹಾಗೆಂದ ಮಾತ್ರಕ್ಕೆ ಕನ್ನಡ ನಾಡಿನಲ್ಲಿ ದ್ವಂದ್ವಯುದ್ಧದ ಪದ್ಧತಿ ಇರಲಿಲ್ಲವೆಂದು ತಿಳಿಯಬಾರದು. ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು, ಅಲ್ಲಿ ದ್ವಂದ್ವಯುದ್ಧಗಳು ಅನೇಕ ನಡೆಯುತ್ತಿದ್ದವೆಂದು ದಾಖಲಿಸಿದ್ದಾನೆ. ಅವನ ಪ್ರಕಾರ ಕಾದುವವರು ಮೊದಲು ಮಂತ್ರಿಯ ಅನುಮತಿಯನ್ನು ಪಡೆಯಬೇಕಾಗಿತ್ತು. ಕಾದಿದವರಿಗೆ ಸಮಾಜದಲ್ಲಿ ದೊಡ್ಡ ಗೌರವವಿತ್ತು. ಸತ್ತವನ ಆಸ್ತಿಯು ಬದುಕಿದವನಿಗೆ ಸೇರುತ್ತಿತ್ತು. ಶಾಸ್ತ್ರವು ಹೇಳದ ಪದ್ಧತಿಗೆ ಅರಸೊತ್ತಿಗೆಯು ಒಪ್ಪಿಗೆಯಿತ್ತಿತ್ತು. ಸತ್ತವನ ಮಡದಿ ಮಕ್ಕಳು ಒಂದೇ ದಿನ ಮನೆಯೊಡೆಯನನ್ನೂ ಮನೆಯನ್ನೂ ಕಳೆದುಕೊಳ್ಳಬೇಕಾದ ಪರಿಸ್ಥಿತಿಯನ್ನು ಊಹಿಸಿದರೆ ಆ ಗೌರವದ ಬೆಲೆಯು ತಿಳಿಯುತ್ತದೆ.

ಮಾನದ ಹೆಸರಿನಲ್ಲಿ

ಯೂರೋಪಿನಲ್ಲಿ ಕಣದ ನ್ಯಾಯವು ಕ್ಷೀಣಿಸಿದಂತೆ ಮಾನದ ಹೆಸರಿನ ದ್ವಂದ್ವಯುದ್ಧವು ಪ್ರಬಲವಾಯಿತು. ಒಂದು ಬಿರುನುಡಿ, ಒಂದು ಚುಚ್ಚುಮಾತು, ರಂಗಮಂದಿರದಲ್ಲಿ ಒಂದು ತಿರಸ್ಕಾರದ ನೋಟವಾದರೂ ಸಾಕು, ಪಂಥಾಹ್ವಾನ ಹೋಗುತ್ತಿತ್ತು. ಒಪ್ಪಿದರೆ ಪ್ರಾಣಕ್ಕೆ ಅಪಾಯ, ಒಪ್ಪದಿದ್ದರೆ ಹೇಡಿಯೆಂಬ ಬಿರುದು. ಕ್ರೈಸ್ತರ ಟ್ರೆಂಟ್ ಧರ್ಮಸಭೆಯು 1563ರಲ್ಲಿ ಇದನ್ನು ಖಂಡಿಸಿ ಬಹಿಷ್ಕಾರವನ್ನು ವಿಧಿಸಿದರೂ ಫಲವಾಗಲಿಲ್ಲ. ಫ್ರಾನ್ಸಿನ ಪ್ರಧಾನನಾದ ರಿಶಲ್ಯೂವಿನ ಅಣ್ಣನೇ 1619ರಲ್ಲಿ ದ್ವಂದ್ವಯುದ್ಧದಲ್ಲಿ ಮಡಿದಿದ್ದನು. 1626ರಲ್ಲಿ ಕಠಿಣವಾದ ರಾಜಾಜ್ಞೆ ಹೊರಟಿತು. ಮರುವರ್ಷವೇ ಬೂತವಿಲ್ ಎಂಬ ಶ್ರೀಮಂತನು ಅದನ್ನು ಧಿಕ್ಕರಿಸಿ ಪ್ಯಾರಿಸಿನ ರಾಜಚೌಕದಲ್ಲಿ ಹಾಡಹಗಲಿನಲ್ಲಿಯೇ ಕಾದಿದಾಗ ಅವನ ಶಿರಚ್ಛೇದವಾಯಿತು. ಅಷ್ಟಾದರೂ ಪದ್ಧತಿ ನಿಲ್ಲಲಿಲ್ಲ. 1777ರಲ್ಲಿ ಐರ್ಲೆಂಡಿನ ಕ್ಲಾನ್ಮೆಲ್‌ನಲ್ಲಿ ಪಿಸ್ತೂಲು ಕಾಳಗಕ್ಕೆ ವಿವರವಾದ ನಿಯಮಾವಳಿಯೇ ಸಿದ್ಧವಾಯಿತು.

ಭಾರತದ ನೆಲದಲ್ಲಿಯೂ ಇದು ನಡೆಯಿತು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನೂ ಅವನ ಸಮಿತಿಯ ಸದಸ್ಯನಾದ ಫಿಲಿಪ್ ಫ್ರಾನ್ಸಿಸನೂ 1780ರ ಆಗಸ್ಟ್ 17ರಂದು ಕಲ್ಕತ್ತೆಯ ಆಲಿಪುರದಲ್ಲಿ ಪಿಸ್ತೂಲು ಹಿಡಿದು ಎದುರುಬದುರಾದರು. ಗಾಯಗೊಂಡ ಫ್ರಾನ್ಸಿಸನು ಆ ವರ್ಷದ ಕೊನೆಗೆ ಸ್ವದೇಶಕ್ಕೆ ಹೊರಟನು. ಆದರೆ ಅವರ ನಡುವಣ ವಿವಾದವು ಗುಂಡಿನಿಂದ ತೀರಲಿಲ್ಲ. ಅದು ಲಂಡನ್ನಿನ ಪಾರ್ಲಿಮೆಂಟನ್ನು ಸೇರಿ, ಹೇಸ್ಟಿಂಗ್ಸನ ಮೇಲಿನ ದೋಷಾರೋಪದ ವಿಚಾರಣೆಯು 1788ರಿಂದ 1795ರವರೆಗೆ ನಡೆದು, ಅವನ ಬಿಡುಗಡೆಯಲ್ಲಿ ಮುಗಿಯಿತು.

ಈ ಪದ್ಧತಿಯಿಂದಾದ ನಷ್ಟವನ್ನು ಅಳೆಯುವುದು ಕಷ್ಟ. ಅಮೆರಿಕದ ಅರ್ಥವ್ಯವಸ್ಥೆಗೆ ಅಡಿಪಾಯ ಹಾಕಿದ ಅಲೆಗ್ಸಾಂಡರ್ ಹ್ಯಾಮಿಲ್ಟನ್ ತನ್ನ ಹಿರಿಯ ಮಗನನ್ನು 1801ರಲ್ಲಿ ದ್ವಂದ್ವಯುದ್ಧದಲ್ಲಿ ಕಳೆದುಕೊಂಡಿದ್ದನು. ಪುತ್ರಶೋಕವನ್ನು ಕಂಡವನೂ ಪಂಥಾಹ್ವಾನವನ್ನು ನಿರಾಕರಿಸಲಾರದೆ 1804ರ ಜುಲೈ 11ರಂದು ಅಂದಿನ ಉಪರಾಷ್ಟ್ರಾಧ್ಯಕ್ಷನಾದ ಆರನ್ ಬರ್‌ನ ಗುಂಡಿಗೆ ಎದೆಯೊಡ್ಡಿ ಮರುದಿನ ಮಡಿದನು. ರಷ್ಯದ ಮಹಾಕವಿ ಪುಷ್ಕಿನ್ 1837ರಲ್ಲಿ ತನ್ನ 37ನೆಯ ವಯಸ್ಸಿನಲ್ಲಿಯೂ, ಅವನ ಸಾವಿಗೆ ಶೋಕಗೀತೆ ಬರೆದ ಲೆರ್ಮಂತೊವ್ 1841ರಲ್ಲಿ ತನ್ನ 26ನೆಯ ವಯಸ್ಸಿನಲ್ಲಿಯೂ ಇದೇ ರೀತಿ ತೀರಿಕೊಂಡರು.

ವಿದ್ಯಾರ್ಥಿಗಳು ಮುಖ್ಯವಾಗಿ ನೆನಪಿಡಬೇಕಾದ ಹೆಸರು ಫ್ರಾನ್ಸಿನ ಎವಾರಿಸ್ತ್ ಗಾಲ್ವಾ. ಸಮೀಕರಣಗಳ ಸಿದ್ಧಾಂತದಲ್ಲಿ ಹೊಸ ಯುಗವನ್ನೇ ತೆರೆದ ಈ ಗಣಿತಜ್ಞನಿಗೆ ಆಗ ಕೇವಲ 20 ವರ್ಷ. ದ್ವಂದ್ವಯುದ್ಧದ ಹಿಂದಿನ ರಾತ್ರಿ ಅವನು ತನ್ನ ಸಂಶೋಧನೆಗಳ ಸಾರವನ್ನು ಗೆಳೆಯ ಷೆವಾಲಿಯೆಗೆ ಪತ್ರರೂಪದಲ್ಲಿ ಬರೆದಿಟ್ಟನು. 1832ರ ಮೇ 30ರ ಬೆಳಿಗ್ಗೆ ಹೊಟ್ಟೆಗೆ ಗುಂಡು ತಗಲಿ ಮರುದಿನ ಅಸುನೀಗಿದನು. ಅವನ ಬರೆಹಗಳು ಅಚ್ಚಾಗಿ ಗಣಿತಲೋಕಕ್ಕೆ ದೊರೆತುದು 1846ರಲ್ಲಿ. ಆ ಜಗಳದ ಕಾರಣವು ಜನರಿಗೆ ಮರೆತುಹೋಗಿದೆ. ಆ ರಾತ್ರಿಯ ಪತ್ರವನ್ನು ಗಣಿತಜ್ಞರು ಇಂದಿಗೂ ಓದುತ್ತಾರೆ. ಇನ್ನೊಂದು ಮೂವತ್ತು ನಲವತ್ತು ವರ್ಷ ಬದುಕಬಹುದಾಗಿದ್ದ ಆ ಬುದ್ಧಿಯು ಮತ್ತೇನನ್ನು ಕೊಡುತ್ತಿತ್ತೆಂಬುದು ಅವನೊಡನೆಯೇ ಮಣ್ಣಾಯಿತು.

ಪದ್ಧತಿಯ ಅಳಿವು

ಶತಮಾನಗಳ ರಾಜಾಜ್ಞೆಗಳಿಂದ ಸಾಧ್ಯವಾಗದುದು ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಮೇಣ ಸಾಧ್ಯವಾಯಿತು. ಮಾನಹಾನಿಗೆ ನ್ಯಾಯಾಲಯದಲ್ಲಿ ಪರಿಹಾರ ಪಡೆಯುವ ಮಾರ್ಗವು ಬಲಗೊಂಡಿತು. ವೃತ್ತಪತ್ರಿಕೆಗಳು ಬೆಳೆದಂತೆ ಲೋಕಾಭಿಪ್ರಾಯವೂ ಬದಲಾಗಿ, ಮೊದಲು ಮೆಚ್ಚುಗೆಯನ್ನು ಗಳಿಸುತ್ತಿದ್ದ ಕಾಳಗವು ಪರಿಹಾಸಕ್ಕೆ ಗುರಿಯಾಯಿತು. ಬ್ರಿಟಿಷ್ ಸೈನ್ಯವು 1844ರಲ್ಲಿ ತನ್ನ ನಿಯಮಗಳನ್ನು ತಿದ್ದಿ, ತಪ್ಪು ಮಾಡಿದವನು ಕ್ಷಮೆ ಬೇಡುವುದೂ ನೊಂದವನು ಅದನ್ನು ಸ್ವೀಕರಿಸುವುದೂ ಮಾನವಂತರಿಗೆ ತಕ್ಕ ನಡತೆಯೆಂದು ಸಾರಿತು. ಈ ತಿದ್ದುಪಡಿಯ ಮಹತ್ವವನ್ನು ಗಮನಿಸಬೇಕು. ದ್ವಂದ್ವಯುದ್ಧವನ್ನು ಅಪರಾಧವೆಂದು ಕರೆಯುವ ಶಾಸನಗಳು ಹಿಂದೆಯೂ ಇದ್ದವು. ಶಿಕ್ಷೆಗೆ ಹೆದರದವನು ಅದನ್ನು ಧಿಕ್ಕರಿಸಿ ವೀರನೆನಿಸುತ್ತಿದ್ದನು. ಕ್ಷಮೆ ಬೇಡುವುದರಿಂದ ಮಾನವು ಹೋಗದು ಎಂಬ ಭಾವನೆ ನೆಲೆಗೊಂಡಾಗ ಕಾದುವ ಕಾರಣವೇ ಇಲ್ಲವಾಯಿತು. ಇಂಗ್ಲೆಂಡಿನಲ್ಲಿ ಪ್ರಾಣಹಾನಿಯಾದ ಕೊನೆಯ ದ್ವಂದ್ವಯುದ್ಧವು ನಡೆದುದು 1852ರಲ್ಲಿ.

ಇಬ್ಬರು ಎದುರುನಿಂತು ಬಲಪರೀಕ್ಷೆ ಮಾಡುವ ಆಸೆಯು ಮನುಷ್ಯನಲ್ಲಿ ಸಹಜವಾದುದರಿಂದ ಅದು ಕ್ರೀಡೆಯ ರೂಪದಲ್ಲಿ ಉಳಿದು ಬಂದಿದೆ. ಕತ್ತಿವರಸೆಯು 1896ರ ಪ್ರಥಮ ಆಧುನಿಕ ಒಲಿಂಪಿಕ್ಸಿನಲ್ಲಿಯೇ ಸ್ಥಾನ ಪಡೆಯಿತು. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ ನೆತ್ತರಿನ ಮೊದಲ ಹನಿ ಕಂಡೊಡನೆ ಕಾಳಗವನ್ನು ನಿಲ್ಲಿಸುವುದು ಸಂಪ್ರದಾಯ. ಗರಡಿಮನೆಯಲ್ಲಿ ಕುಸ್ತಿ ಕಲಿಯುವ ಹುಡುಗನು ಮಟ್ಟಿಯ ಮಣ್ಣಿಗೆ ಕೈಮುಗಿದು ಇಳಿಯುತ್ತಾನೆ. ಬಿದ್ದವನು ಮರುದಿನ ಮತ್ತೆ ಬಂದು ಪಟ್ಟು ಕಲಿಯಬಹುದು. ಸೋತವನಿಗೆ ನಾಳೆಯೊಂದನ್ನು ಉಳಿಸಿಕೊಡುವುದೇ ಕ್ರೀಡೆಗೂ ಹಿಂದಿನ ಕಾಳಗಕ್ಕೂ ಇರುವ ಮುಖ್ಯ ವ್ಯತ್ಯಾಸ.

ಮಾತಿನ ಕಣ

ಸತ್ಯವನ್ನು ನಿರ್ಣಯಿಸಲು ಇಬ್ಬರು ಎದುರುಬದುರಾಗುವುದು ಅನಿವಾರ್ಯವಾದಲ್ಲಿ ಅದಕ್ಕೆ ಆಯುಧವು ಬೇಕಿಲ್ಲವೆಂಬುದನ್ನು ಹನ್ನೆರಡನೆಯ ಶತಮಾನದ ಶರಣರು ತೋರಿಸಿಕೊಟ್ಟರು. ವಿಜ್ಞಾನೇಶ್ವರನು ಪ್ರಮಾಣಗಳನ್ನು ವಿವೇಚಿಸಿದ ಅದೇ ಕಲ್ಯಾಣದಲ್ಲಿ ಅನುಭವಮಂಟಪವು ಸೇರುತ್ತಿದ್ದಿತೆಂದು ಪರಂಪರೆಯು ಹೇಳುತ್ತದೆ. ಅಲ್ಲಿ ಅಲ್ಲಮಪ್ರಭುವಿನ ಎದುರು ಬಸವಣ್ಣನಾದರೂ ಅಕ್ಕಮಹಾದೇವಿಯಾದರೂ ಪ್ರಶ್ನೆಗಳಿಗೆ ಒಳಗಾಗಲೇಬೇಕಾಗಿತ್ತು. ತನ್ನ ಮಾತಿಗೆ ತಾನೇ ಉತ್ತರ ಕೊಡುವ ಅವಕಾಶವು ಮಾರ್ಗರೀತಳಿಗೆ ಪ್ಯಾರಿಸಿನ ಕಣದಲ್ಲಿ ದೊರೆಯಲಿಲ್ಲ. ಅಕ್ಕನಿಗೆ ಕಲ್ಯಾಣದ ಮಂಟಪದಲ್ಲಿ ಅದು ದೊರೆಯಿತು.

'ಶೂನ್ಯಸಂಪಾದನೆ'ಯಲ್ಲಿ ಬರುವ ಅಲ್ಲಮ-ಸಿದ್ಧರಾಮರ ಭೇಟಿಯು ಈ ದೃಷ್ಟಿಯಿಂದ ಮನನೀಯ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮನು ಕಟುವಾಗಿ ಕೆಣಕುತ್ತಾನೆ. ಸಿದ್ಧರಾಮನ ಕಡೆಯವರು ಕಲ್ಲುಗಳನ್ನು ಬೀರುತ್ತಾರೆ. ಸಿದ್ಧರಾಮನೂ ಕ್ರೋಧಾವಿಷ್ಟನಾಗಿ ಬರುತ್ತಾನೆ. ಪಂಥದಂತೆ ಆರಂಭವಾದ ಈ ಸನ್ನಿವೇಶವು ಕಾಳಗದಲ್ಲಿ ಮುಗಿಯದೆ ಸಂವಾದಕ್ಕೆ ತಿರುಗುತ್ತದೆ. ಕೋಪವಿಳಿದ ಸಿದ್ಧರಾಮನು ತನ್ನ ತಿಳಿವಿನ ಕೊರತೆಯನ್ನು ಕಂಡುಕೊಂಡು ಅಲ್ಲಮನೊಡನೆ ಕಲ್ಯಾಣಕ್ಕೆ ಹೊರಡುತ್ತಾನೆ. ಅಲ್ಲಿ ಸೋತವನು ಕಳೆದುಕೊಂಡುದು ತನ್ನ ಅಹಂಕಾರವನ್ನು, ಗಳಿಸಿದುದು ಅರಿವನ್ನು. ಕತ್ತಿಯ ಕಾಳಗದಲ್ಲಿ ಸೋತವನಿಗೆ ಇಂಥ ಲಾಭವು ಎಂದೂ ದೊರೆಯಲಿಲ್ಲ.

ಇಂದು ಪಂಥಾಹ್ವಾನದ ಕೈಗವಸನ್ನು ಯಾರೂ ಎಸೆಯುವುದಿಲ್ಲ. ಆದರೆ ಹೀಯಾಳಿಸಿದವನಿಗೆ ಹೊಡೆತದಿಂದಲೇ ಉತ್ತರ ಹೇಳಬೇಕು, ಸುಮ್ಮನಿದ್ದವನು ಹೇಡಿ ಎಂಬ ಭಾವನೆಯು ಶಾಲೆಯ ಅಂಗಳದಲ್ಲಿಯೂ ಊರ ಜಾತ್ರೆಯಲ್ಲಿಯೂ ಇನ್ನೂ ಜೀವಂತವಾಗಿದೆ. ಹ್ಯಾಮಿಲ್ಟನ್ನನಿಗೆ, ಪುಷ್ಕಿನ್ನನಿಗೆ, ಗಾಲ್ವಾನಿಗೆ ಧೈರ್ಯದ ಕೊರತೆಯಿರಲಿಲ್ಲ. ಗುಂಡಿಗೆ ಎದುರು ನಿಂತ ಆ ಧೀರರಿಗೆ, ಜನರು ಏನೆಂದಾರೋ ಎಂಬ ಅಳುಕನ್ನು ಗೆಲ್ಲಲಾಗಲಿಲ್ಲ. ತಪ್ಪಾಗಿದ್ದರೆ ತಪ್ಪೆಂದು ಒಪ್ಪುವ, ತಪ್ಪಿಲ್ಲದಿದ್ದರೆ ಸಾಕ್ಷಿಯೊಡನೆ ಶಾಂತವಾಗಿ ಹೇಳುವ, ಎತ್ತಿದ ಎದುರಾಳಿಯನ್ನು ಮೆಲ್ಲನೆ ನೆಲಕ್ಕಿಳಿಸುವ ಧೈರ್ಯವು ಅದಕ್ಕಿಂತ ದೊಡ್ಡದು. ಅಂಥ ಧೈರ್ಯವನ್ನು ಬೆಳೆಸುವುದು ವಿದ್ಯಾಲಯಗಳ ಹೊಣೆ. ಅದನ್ನು ರೂಢಿಸಿಕೊಳ್ಳುವುದು ವಿದ್ಯಾರ್ಥಿಗಳ ಸಾಧನೆ.